ಹಾಯಿದೋಣಿಯ ಬ್ಯಾಟರಿಗೊಂದು ಜಮಾ-ಖರ್ಚಿನ ಪುಸ್ತಕ: ಬಿಎಂವಿ-712 ಸ್ಮಾರ್ಟ್ ಜೊತೆ ಮೂರು ಬೇಸಿಗೆ

ಗ್ರೀಸಿನ ಪಶ್ಚಿಮ ಕರಾವಳಿಯ ಪ್ರೆವೆಜಾದಲ್ಲಿ ಚಳಿಗಾಲವನ್ನು ನೆಲದ ಮೇಲೆ ಕಳೆದು, ಬೇಸಿಗೆಯಲ್ಲಿ ಲೆಫ್ಕಾದಾ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ ದ್ವೀಪಗಳ ನಡುವೆ ಓಡಾಡುವ 34 ಅಡಿ ಉದ್ದದ ಹಾಯಿದೋಣಿಯೊಂದು ನಮ್ಮದು. ಬಂದರಿನ ಕಟ್ಟೆಗೆ ಅದನ್ನು ಕಟ್ಟುವುದು ಕಡಿಮೆ. ಕೊಲ್ಲಿಗಳಲ್ಲಿ ಲಂಗರು ಹಾಕಿ ನಾಲ್ಕೈದು ದಿನ ನಿಲ್ಲುವುದೇ ಹೆಚ್ಚು. ಹಾಗೆ ನಿಂತಾಗ ದಡದಿಂದ ವಿದ್ಯುತ್ ಬರುವುದಿಲ್ಲ. ಫ್ರಿಜ್ಜು, ನೀರಿನ ಪಂಪು, ಒಳಗಿನ ದೀಪಗಳು, ವಿಎಚ್‌ಎಫ್ ರೇಡಿಯೋ, ರಾತ್ರಿಯಿಡೀ ಹಾಯಿಕಂಬದ ತುದಿಯಲ್ಲಿ ಉರಿಯಬೇಕಾದ ಲಂಗರು ದೀಪ, ಇವೆಲ್ಲವೂ 12 ವೋಲ್ಟಿನ, ತಲಾ 110 ಎಎಚ್ (ಆಂಪಿಯರ್-ಅವರ್; ಒಂದು ಎಎಚ್ ಎಂದರೆ ಒಂದು ಆಂಪಿಯರಿನಂತೆ ಒಂದು ಗಂಟೆ ಕೊಡುವಷ್ಟು ವಿದ್ಯುತ್) ಸಾಮರ್ಥ್ಯದ ಎರಡು ಲೆಡ್-ಆಸಿಡ್ ಬ್ಯಾಟರಿಗಳನ್ನೇ ನಂಬಿಕೊಂಡಿವೆ. ಆ ಬ್ಯಾಟರಿಗಳಲ್ಲಿ ಈ ಹೊತ್ತಿಗೆ ಎಷ್ಟು ಉಳಿದಿದೆ ಎಂದು ತಿಳಿಯಲು ಮೂರು ಬೇಸಿಗೆಗಳ ಹಿಂದೆ ನೆದರ್ಲೆಂಡ್ಸಿನ ವಿಕ್ಟ್ರಾನ್ ಎನರ್ಜಿ ಕಂಪನಿಯ ಬಿಎಂವಿ-712 ಸ್ಮಾರ್ಟ್ ಎಂಬ ಬ್ಯಾಟರಿ ಮಾನಿಟರನ್ನು ಹಾಕಿಸಿದೆವು. ಅದು ಏನನ್ನು ನಿಜವಾಗಿ ಅಳೆಯುತ್ತದೆ, ಏನನ್ನು ಕೇವಲ ಊಹಿಸುತ್ತದೆ ಎಂಬ ವ್ಯತ್ಯಾಸ ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು. ಕೊಳ್ಳುವ ಮೊದಲೇ ಅದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು ಎನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಮನೆಗೆ ಇನ್ವರ್ಟರ್ ಹಾಕಿಸಿಕೊಂಡವರಿಗೆ ಈ ಸಮಸ್ಯೆಯ ಒಂದು ತುದಿ ಗೊತ್ತಿರುತ್ತದೆ. ಕರೆಂಟ್ ಹೋಗಿ ಎರಡು ಗಂಟೆಯಾದ ಮೇಲೆ ಫ್ಯಾನು ಇನ್ನೆಷ್ಟು ಹೊತ್ತು ತಿರುಗೀತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅಲ್ಲಿ ಕರೆಂಟ್ ಮರಳಿ ಬಂದಾಗ ಬ್ಯಾಟರಿ ತಾನಾಗಿ ಪೂರ್ತಿ ತುಂಬಿಕೊಳ್ಳುತ್ತದೆ. ದೋಣಿಯಲ್ಲಿ ತುಂಬಿಸುವ ಹೊಣೆಯೂ ನಮ್ಮದೇ; ಸೌರ ಫಲಕದಿಂದಲೋ ಎಂಜಿನ್ನಿನ ಆಲ್ಟರ್ನೇಟರಿನಿಂದಲೋ ಬಂದಷ್ಟೇ ಬಂತು. ಮೊದಲೆರಡು ವರ್ಷ ನಾವು ಸ್ವಿಚ್ ಫಲಕದ ಮೇಲಿದ್ದ ವೋಲ್ಟ್‌ಮೀಟರನ್ನು ನೋಡಿಯೇ ಎಲ್ಲವನ್ನೂ ನಿರ್ಧರಿಸುತ್ತಿದ್ದೆವು. ಪೂರ್ತಿ ತುಂಬಿದ ಲೆಡ್-ಆಸಿಡ್ ಬ್ಯಾಟರಿ, ಏನನ್ನೂ ಕೊಡದೆ ಏನನ್ನೂ ಪಡೆಯದೆ ಕೆಲವು ಗಂಟೆ ಸುಮ್ಮನಿದ್ದರೆ, ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ತುಂಬಿದ್ದಕ್ಕೂ ಅರ್ಧಕ್ಕೂ ಇರುವ ಅಂತರ ಅರ್ಧ ವೋಲ್ಟ್ ಮಾತ್ರ. ಫ್ರಿಜ್ಜಿನ ಕಂಪ್ರೆಸರ್ ಶುರುವಾದೊಡನೆ ಅದರಲ್ಲೇ ಒಂದು ಪಾಲು ಇಳಿಯುತ್ತದೆ, ಬಿಸಿಲು ಬಿದ್ದೊಡನೆ 13ನ್ನು ದಾಟುತ್ತದೆ. ಲಂಗರಿನ ಮೇಲಿರುವ ದೋಣಿಯ ಬ್ಯಾಟರಿಗೆ ಸುಮ್ಮನಿರುವ ಗಳಿಗೆಯೇ ಇಲ್ಲದಿರುವಾಗ ವೋಲ್ಟೇಜ್ ನೋಡಿ ಚಾರ್ಜ್ ಹೇಳುವುದು, ಓಡಿ ಬಂದವನ ನಾಡಿ ಹಿಡಿದು ಜ್ವರ ಹೇಳಿದಂತೆ.

ಅದರ ಫಲವಾಗಿ ಹಿಂದಿನ ಜೋಡಿ ಬ್ಯಾಟರಿಗಳು ಎರಡೇ ಬೇಸಿಗೆಗೆ ಸತ್ತವು. ಅವನ್ನು ಕೊಂದದ್ದು ಅತಿಯಾದ ಬಳಕೆ ಎಂದು ನಾನು ಆಗ ತಿಳಿದಿದ್ದೆ. ನಿಜವಾದ ಕಾರಣ ಅವು ವಾರಗಟ್ಟಲೆ ಪೂರ್ತಿ ತುಂಬದೆ ಇದ್ದದ್ದು. ಬಳಸಿದಾಗ ಸೀಸದ ಫಲಕಗಳ ಮೇಲೆ ಕೂರುವ ಲೆಡ್ ಸಲ್ಫೇಟ್ ಪೂರ್ಣ ಚಾರ್ಜಿನಲ್ಲಿ ಕರಗಿಹೋಗಬೇಕು. ಹಾಗೆ ಹೋಗದೆ ಉಳಿದದ್ದು ದಿನ ಕಳೆದಂತೆ ಗಟ್ಟಿ ಹರಳಾಗಿ, ಆ ಭಾಗವನ್ನು ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬೆಳಿಗ್ಗೆ ಒಂದು ಗಂಟೆ ಎಂಜಿನ್ ಓಡಿಸಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿತ್ತು. ಆದರೆ ಈ ಬಗೆಯ ಬ್ಯಾಟರಿ ಮೇಲಿನ ಶೇಕಡಾ 20 ಭಾಗವನ್ನು ಬಹಳ ನಿಧಾನವಾಗಿ, ಗಂಟೆಗಟ್ಟಲೆ ತೆಗೆದುಕೊಂಡು ತುಂಬಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸುವಾಗ ಮೀಟರಿನಲ್ಲಿ 14 ವೋಲ್ಟ್ ಕಂಡರೂ ಒಳಗೆ ತುಂಬಿರುತ್ತಿದ್ದದ್ದು ಮುಕ್ಕಾಲೂ ಅಲ್ಲ.

ಬಿಎಂವಿ-712 ಈ ವಿಷಯವನ್ನು ಬೇರೆ ದಾರಿಯಿಂದ ಹಿಡಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯ ನಡುವೆ ಶಂಟ್ ಎಂಬ ಹಿತ್ತಾಳೆಯ ದಪ್ಪ ಗಟ್ಟಿಯೊಂದು ಕೂರುತ್ತದೆ. ಜೊತೆಗೆ ಬರುವ ಶಂಟಿನ ಅಳತೆ 500 ಆಂಪಿಯರಿಗೆ 50 ಮಿಲಿವೋಲ್ಟ್; ಅಂದರೆ ಫ್ರಿಜ್ಜು 5 ಆಂಪಿಯರ್ ಎಳೆಯುವಾಗ ಅದರ ಎರಡು ತುದಿಗಳ ನಡುವೆ ಹುಟ್ಟುವುದು ಅರ್ಧ ಮಿಲಿವೋಲ್ಟ್ ಮಾತ್ರ. ಆ ಸಣ್ಣ ವ್ಯತ್ಯಾಸವನ್ನು ಅಳೆದು, ಹೋದದ್ದೆಷ್ಟು ಬಂದದ್ದೆಷ್ಟು ಎಂದು ಸಾಧನವು ಎಡೆಬಿಡದೆ ಎಣಿಸುತ್ತದೆ. ಅಂಗಡಿಯ ಜಮಾ-ಖರ್ಚಿನ ಪುಸ್ತಕದ ಲೆಕ್ಕವೇ ಇದು: ನಿನ್ನೆಯ ಬಾಕಿಗೆ ಇಂದಿನ ಜಮಾ ಸೇರಿಸಿ, ಖರ್ಚು ಕಳೆದು, ಉಳಿದದ್ದನ್ನು ಶೇಕಡಾವಾರಿನಲ್ಲಿ ತೋರಿಸುವುದು. ಪೆಟ್ಟಿಗೆಯನ್ನು ತೆರೆದು ಹಣವನ್ನು ಅದು ಎಂದೂ ಎಣಿಸುವುದಿಲ್ಲ. ಈ ಸಾಧನದ ಬಲವೂ ಮಿತಿಯೂ ಅಷ್ಟರಲ್ಲೇ ಇದೆ.

ಪೆಟ್ಟಿಗೆಯಲ್ಲಿ ಶಂಟ್, ದುಂಡಗಿನ ಡಿಸ್‌ಪ್ಲೇ, ಇವೆರಡನ್ನೂ ಸೇರಿಸುವ 10 ಮೀಟರ್ ಕೇಬಲ್, ಫ್ಯೂಸ್ ಇರುವ ಪಾಸಿಟಿವ್ ತಂತಿ ಇರುತ್ತವೆ. ಡಿಸ್‌ಪ್ಲೇ ಕೂರಿಸಲು 52 ಮಿಲಿಮೀಟರಿನ ರಂಧ್ರ ಕೊರೆದರೆ ಸಾಕು. ಶಂಟನ್ನು ಮಾತ್ರ ಎಲ್ಲಿ ಇಡಬೇಕೆಂದು ಸ್ವಲ್ಪ ಯೋಚಿಸಬೇಕು. ನೀರು ಹಾಕುವ ಬ್ಯಾಟರಿಗಳು ಚಾರ್ಜಾಗುವಾಗ ಆಸಿಡ್ಡಿನ ಹಬೆ ಬಿಡುತ್ತವೆ. ಉಪ್ಪುಗಾಳಿಯ ಜೊತೆ ಅದೂ ಸೇರಿದರೆ ಶಂಟಿನ ಮೇಲಿರುವ ಸಣ್ಣ ಸರ್ಕ್ಯೂಟ್ ಬೋರ್ಡು ಹೆಚ್ಚು ಕಾಲ ಉಳಿಯುವುದಿಲ್ಲ. ಆದ್ದರಿಂದ ಬ್ಯಾಟರಿ ಗೂಡಿನ ಹೊರಗೆ, ಒಣಗಿದ ಜಾಗದಲ್ಲಿ ಅದನ್ನು ಕೂರಿಸಿದ್ದೇವೆ.

ಅಳವಡಿಕೆಯಲ್ಲಿ ಒಂದೇ ಒಂದು ನಿಯಮವನ್ನು ಯಾವ ಕಾರಣಕ್ಕೂ ಮೀರಬಾರದು. ಬ್ಯಾಟರಿಯ ನೆಗೆಟಿವ್ ತುದಿಯಿಂದ ಹೊರಡುವ ತಂತಿ ನೇರ ಶಂಟಿಗೆ ಹೋಗಬೇಕು. ಉಳಿದ ಎಲ್ಲ ನೆಗೆಟಿವ್ ತಂತಿಗಳೂ ಶಂಟಿನ ಆಚೆ ಬದಿಗೆ ಸೇರಬೇಕು. ನಮ್ಮ ದೋಣಿಯಲ್ಲಿ ಈ ಕೆಲಸ ಮಾಡಿದವರು ಸೌರ ಫಲಕದ ನಿಯಂತ್ರಕದ ನೆಗೆಟಿವ್ ತಂತಿಯನ್ನು ಹಳೆಯ ಜಾಗದಲ್ಲೇ, ಬ್ಯಾಟರಿಯ ತಲೆಯ ಮೇಲೆಯೇ ಬಿಟ್ಟಿದ್ದರು. ಬಿಸಿಲಿನಿಂದ ಬಂದ ಆಂಪಿಯರುಗಳು ಎಣಿಕೆಗೆ ಸಿಗದೆ ಬ್ಯಾಟರಿ ಸೇರುತ್ತಿದ್ದವು. ಫ್ರಿಜ್ಜು ಎಳೆದದ್ದೆಲ್ಲ ಖರ್ಚಿನ ಕಡೆ ಬೀಳುತ್ತಿತ್ತು. ಐದು ದಿನಗಳಲ್ಲಿ ಡಿಸ್‌ಪ್ಲೇ ಶೇಕಡಾ 38ಕ್ಕೆ ಇಳಿಯಿತು, ವೋಲ್ಟೇಜ್ ನೋಡಿದರೆ 13.6 ಇತ್ತು. ಎರಡು ಸಂಖ್ಯೆಗಳು ಹೀಗೆ ಒಂದಕ್ಕೊಂದು ಒಪ್ಪದಿದ್ದಾಗ ಮೊದಲು ತಂತಿಗಳನ್ನು ನೋಡಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು. ಪರೀಕ್ಷೆ ಸುಲಭ: ಎಲ್ಲವನ್ನೂ ಆರಿಸಿ, ಆಮೇಲೆ ದೋಣಿಯ ತಳದ ನೀರೆತ್ತುವ ಪಂಪು, ಎಂಜಿನ್, ಸೌರ ನಿಯಂತ್ರಕ, ದಡದ ಚಾರ್ಜರ್, ಹೀಗೆ ಒಂದೊಂದನ್ನೇ ಚಾಲು ಮಾಡುತ್ತ ಡಿಸ್‌ಪ್ಲೇಯಲ್ಲಿ ಆಂಪಿಯರ್ ಬದಲಾಗುತ್ತದೆಯೇ ಎಂದು ನೋಡುವುದು. ಬದಲಾಗದಿದ್ದರೆ ಅದರ ತಂತಿ ಶಂಟನ್ನು ತಪ್ಪಿಸಿಕೊಂಡು ಹೋಗುತ್ತಿದೆ ಎಂದೇ ಅರ್ಥ. ತಳದ ಪಂಪು ಸಾಮಾನ್ಯವಾಗಿ ನೇರ ಬ್ಯಾಟರಿಗೇ ಜೋಡಿಸಿರುವುದರಿಂದ ಅದನ್ನು ಮರೆಯುವುದು ಬಹಳ ಸುಲಭ.

ತಂತಿ ಸರಿಯಾದ ಮೇಲೆ ಸೆಟ್ಟಿಂಗುಗಳ ಸರದಿ. ಕಾರ್ಖಾನೆಯಿಂದ ಬಂದಾಗ ಬ್ಯಾಟರಿಯ ಸಾಮರ್ಥ್ಯ 200 ಎಎಚ್ ಎಂದಿರುತ್ತದೆ. ಅದನ್ನು ನಮ್ಮ ಬ್ಯಾಟರಿಗೆ ತಕ್ಕಂತೆ ಬದಲಿಸಬೇಕು. ಪೇಯ್ಕರ್ಟ್ ಘಾತಾಂಕ ಎಂಬ ಇನ್ನೊಂದು ಸಂಖ್ಯೆ ಇದೆ, ಅದು 1.25 ಎಂದು ಬರುತ್ತದೆ. ವಿಲ್ಹೆಲ್ಮ್ ಪೇಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ಆಧಾರ: ಲೆಡ್-ಆಸಿಡ್ ಬ್ಯಾಟರಿಯಿಂದ ಅವಸರದಲ್ಲಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ. 200 ಎಎಚ್ ಎಂದು ಬರೆದಿರುವ ಬ್ಯಾಟರಿ 10 ಆಂಪಿಯರಿನಂತೆ 20 ಗಂಟೆ ಕೊಡುತ್ತದೆ ಎಂದಿಟ್ಟುಕೊಂಡರೆ, 20 ಆಂಪಿಯರಿನಂತೆ ಎಳೆದಾಗ 10 ಗಂಟೆ ಬಾಳುವುದಿಲ್ಲ. ಈ ಘಾತಾಂಕದ ಪ್ರಕಾರ ಸುಮಾರು 8.4 ಗಂಟೆಗೆ ಮುಗಿಯುತ್ತದೆ, ಒಟ್ಟು ಸಿಗುವುದು 168 ಎಎಚ್. ಹಾಕಿದ ನೂರು ಎಎಚ್‌ನಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂಬ ಚಾರ್ಜ್ ದಕ್ಷತೆಗೂ ಒಂದು ಸೆಟ್ಟಿಂಗ್ ಇದೆ. ಇವೆರಡೂ ಅಂದಾಜುಗಳೇ. ಅಂದಾಜಿನ ಸಣ್ಣ ತಪ್ಪು ದಿನದಿನವೂ ಕೂಡುತ್ತ ಹೋಗಿ ಎರಡು ವಾರದಲ್ಲಿ ದೊಡ್ಡದಾಗುತ್ತದೆ. ಆದ್ದರಿಂದಲೇ ಬ್ಯಾಟರಿ ಪೂರ್ತಿ ತುಂಬಿದಾಗಲೆಲ್ಲ ಸಾಧನವು ಹಳೆಯ ಲೆಕ್ಕವನ್ನು ಬದಿಗಿಟ್ಟು ಮತ್ತೆ 100ರಿಂದ ಶುರುಮಾಡುತ್ತದೆ.

ಪೂರ್ತಿ ತುಂಬಿದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮೂರು ಷರತ್ತುಗಳಿಂದ: ವೋಲ್ಟೇಜ್ ಒಂದು ಮಟ್ಟಕ್ಕಿಂತ ಮೇಲಿರಬೇಕು, ಬ್ಯಾಟರಿಗೆ ಹೋಗುತ್ತಿರುವ ಆಂಪಿಯರ್ ಒಂದು ಮಟ್ಟಕ್ಕಿಂತ ಕೆಳಗಿರಬೇಕು, ಎರಡೂ ನಿಗದಿಯಾದಷ್ಟು ನಿಮಿಷ ಹಾಗೆಯೇ ಇರಬೇಕು. ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಇವು 13.2 ವೋಲ್ಟ್, ಸಾಮರ್ಥ್ಯದ ಶೇಕಡಾ 4, ಮತ್ತು 3 ನಿಮಿಷ. ದಡದ ಕರೆಂಟಿನಿಂದ ಚಾರ್ಜ್ ಮಾಡುವವರಿಗೆ ಇದು ಸರಿಹೊಂದುತ್ತದೆ, ಏಕೆಂದರೆ ಅಲ್ಲಿ ಆಂಪಿಯರ್ ಇಳಿಯುವುದು ಬ್ಯಾಟರಿಗೆ ಸಾಕಾದಾಗ ಮಾತ್ರ. ಬಿಸಿಲಿನಲ್ಲಿ ಹಾಗಲ್ಲ, ಕೊಡುವ ಕೈಯೇ ಬಡವಾಗಿದ್ದರೂ ಆಂಪಿಯರ್ ಇಳಿದಿರುತ್ತದೆ. ನಮ್ಮದು 220 ಎಎಚ್, ಅದರ ಶೇಕಡಾ 4 ಎಂದರೆ 8.8 ಆಂಪಿಯರ್. ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ 200 ವಾಟಿನ ಫಲಕಗಳು 9 ಆಂಪಿಯರ್ ಕೊಡುತ್ತವೆ, ಅದರಲ್ಲಿ 4ನ್ನು ಫ್ರಿಜ್ಜು ತಿನ್ನುತ್ತದೆ, ಬ್ಯಾಟರಿಗೆ ಸೇರುವುದು 5. ವೋಲ್ಟೇಜ್ 13.3 ಆಗಿರುತ್ತದೆ. ಮೂರೂ ಷರತ್ತು ಮುಗಿದವು. ಮುಕ್ಕಾಲು ತುಂಬಿದ ಬ್ಯಾಟರಿಯನ್ನು ಸಾಧನ 100 ಎಂದು ಘೋಷಿಸುತ್ತದೆ. ಮೊದಲ ಬೇಸಿಗೆಯ ಅರ್ಧಭಾಗ ನಾವು ಹೀಗೆ ಪ್ರತಿದಿನ ಬೆಳಿಗ್ಗೆ ಸಿಗುವ ಸುಳ್ಳು ನೂರನ್ನು ನೋಡಿ ಸಂತೋಷಪಟ್ಟೆವು, ಬ್ಯಾಟರಿಗಳು ಮಾತ್ರ ಮೊದಲಿನಂತೆಯೇ ಹಸಿದಿದ್ದವು.

ಎಣಿಕೆಯ ಮೇಲೆ ನಡೆಯುವ ಮಾನಿಟರ್ ಯಾವ ಕಂಪನಿಯದಾದರೂ ಸೌರ ಫಲಕದ ಜೊತೆ ಈ ಅಪಾಯ ಇದ್ದೇ ಇದೆ. ಪರಿಹಾರ ಸೆಟ್ಟಿಂಗಿನಲ್ಲಿದೆ. ನಮ್ಮ ಸೌರ ನಿಯಂತ್ರಕ 14.4 ವೋಲ್ಟಿನವರೆಗೆ ತಳ್ಳುತ್ತದೆ. ಆದ್ದರಿಂದ ತುಂಬಿದ ಮಟ್ಟವನ್ನು 14.2ಕ್ಕೆ ಏರಿಸಿ, ಆಂಪಿಯರ್ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಿ, ಕಾಯುವ ಸಮಯವನ್ನು 15 ನಿಮಿಷಕ್ಕೆ ಹೆಚ್ಚಿಸಿದೆವು. ಕೈಪಿಡಿಯ ಸಾಮಾನ್ಯ ಸಲಹೆ ಚಾರ್ಜರಿನ ಫ್ಲೋಟ್ ವೋಲ್ಟೇಜಿಗಿಂತ (ತುಂಬಿದ ಬ್ಯಾಟರಿಯನ್ನು ಹಾಗೆಯೇ ಉಳಿಸಿಕೊಳ್ಳಲು ಚಾರ್ಜರ್ ಇಳಿದು ನಿಲ್ಲುವ ಮಟ್ಟಕ್ಕಿಂತ) 0.2 ಅಥವಾ 0.3 ಕಡಿಮೆ ಇಡಬೇಕೆಂಬುದು. ಮುಖ್ಯವಾಗಿ ಸೂರ್ಯನನ್ನೇ ನಂಬಿರುವ ದೋಣಿಗೆ ಅದು ತೀರ ಸಡಿಲ ಎಂಬುದು ನನ್ನ ಅನುಭವ. ಬದಲಾಯಿಸಿದ ಮರುದಿನದಿಂದ 100 ಎಂಬ ಸಂಖ್ಯೆ ಅಪರೂಪವಾಯಿತು. ಕಾಣಿಸಿದಾಗ ಅದನ್ನು ನಂಬಬಹುದಾಯಿತು. ಈ ಮೂರು ಸಂಖ್ಯೆಗಳನ್ನು ಮುಟ್ಟದೆ ಬಿಟ್ಟವರು ಈ ಸಾಧನ ಕೊಂಡೂ ಪ್ರಯೋಜನವಿಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ.

ಬ್ಯಾಟರಿಗೆ ವಯಸ್ಸಾಗುವುದು ಈ ಸಾಧನಕ್ಕೆ ತಿಳಿಯುವುದಿಲ್ಲ ಎಂಬುದು ಇನ್ನೊಂದು ಮಿತಿ. ನಾವು 220 ಎಂದು ಬರೆದಿದ್ದರೆ ಅದು ಕೊನೆಯವರೆಗೂ 220 ಎಂದೇ ನಂಬುತ್ತದೆ. ಮೂರನೆಯ ಬೇಸಿಗೆಯ ಆರಂಭದಲ್ಲಿ ಇಥಾಕಾದ ವಾಥಿ ಕೊಲ್ಲಿಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಬ್ಯಾಟರಿಯನ್ನು ನಿಜವಾಗಿ ಪೂರ್ತಿ ತುಂಬಿಸಿ, ಸೌರ ಫಲಕಗಳನ್ನು ಬೇರ್ಪಡಿಸಿ, 80 ಎಎಚ್ ಖರ್ಚಾಗುವವರೆಗೆ ಬಳಸಿದೆವು. ಡಿಸ್‌ಪ್ಲೇಯಲ್ಲಿ ಸುಮಾರು 64 ಇತ್ತು. ಬಳಿಕ ಎಲ್ಲವನ್ನೂ ಆರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೈಡ್ರೋಮೀಟರಿನಿಂದ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದರೆ ಆಸಿಡ್ಡಿನ ಸಾಂದ್ರತೆ, ನೋಡಿದೆ. ಊರಿನ ಬ್ಯಾಟರಿ ಅಂಗಡಿಗಳಲ್ಲಿ ರಬ್ಬರ್ ಬುರುಡೆ ಒತ್ತಿ ಆಸಿಡ್ ಮೇಲೆಳೆದು ನೋಡುತ್ತಾರಲ್ಲ, ಅದೇ ಗಾಜಿನ ಕೊಳವೆ. ಬಾಲ್ಯದಿಂದ ನೋಡಿದ ಆ ಸಾಧನಕ್ಕೆ ಇಷ್ಟು ಬೆಲೆ ಇದೆ ಎಂದು ನನಗೆ ದೋಣಿಗೆ ಬರುವವರೆಗೆ ಗೊತ್ತಿರಲಿಲ್ಲ. ಎಲ್ಲ ಕೋಶಗಳಲ್ಲೂ ಸುಮಾರು 1.190, ವೋಲ್ಟೇಜ್ 12.2, ಅಂದರೆ ಅರ್ಧ. 80 ಎಎಚ್ ಅರ್ಧವಾದರೆ ಉಳಿದಿರುವ ಸಾಮರ್ಥ್ಯ 160 ಮಾತ್ರ. ಸೆಟ್ಟಿಂಗಿನಲ್ಲಿ 160 ಎಂದು ತಿದ್ದಿದ ಮೇಲೆ ಶೇಕಡಾವಾರು ಮತ್ತೆ ವಾಸ್ತವಕ್ಕೆ ಹತ್ತಿರ ಬಂತು. ಒರಟಾದ ಪರೀಕ್ಷೆ ನಿಜ, ಆದರೆ ವರ್ಷಕ್ಕೊಮ್ಮೆ ಇಷ್ಟನ್ನು ಮಾಡಲೇಬೇಕು. ಮುಚ್ಚಳ ತೆಗೆಯಲಾಗದ ಎಜಿಎಂ ಅಥವಾ ಜೆಲ್ ಬ್ಯಾಟರಿ ಇರುವವರು ವಿಶ್ರಾಂತಿಯ ವೋಲ್ಟೇಜ್ ಒಂದರಿಂದಲೇ ತೃಪ್ತರಾಗಬೇಕಾಗುತ್ತದೆ, ಅದಕ್ಕೂ ಆಯಾ ತಯಾರಕರು ಕೊಡುವ ಪಟ್ಟಿಯನ್ನೇ ನೋಡಬೇಕು.

ಶೇಕಡಾವಾರಿನ ಬಗ್ಗೆ ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೂ ಈ ಸಾಧನವನ್ನು ನಾನು ಮನಸಾರೆ ಮೆಚ್ಚುವುದು ಅದು ತೋರಿಸುವ ಇನ್ನೊಂದು ಸಂಖ್ಯೆಗಾಗಿ. ಈ ಕ್ಷಣ ಎಷ್ಟು ಆಂಪಿಯರ್ ಹೋಗುತ್ತಿದೆ ಅಥವಾ ಬರುತ್ತಿದೆ ಎಂಬುದು ಊಹೆಯಲ್ಲ, ಅಳತೆ. ಅದೂ ಆಂಪಿಯರಿನ ನೂರನೇ ಒಂದು ಭಾಗದವರೆಗೆ. ಮೊದಲ ರಾತ್ರಿ ಎಲ್ಲವನ್ನೂ ಆರಿಸಿದ ಮೇಲೂ 0.9 ಆಂಪಿಯರ್ ಹೋಗುತ್ತಿತ್ತು. ಒಂದೊಂದೇ ಫ್ಯೂಸ್ ತೆಗೆದು ಹುಡುಕಿದಾಗ ಬಳಕೆಯಿಲ್ಲದೆಯೂ ಚಾಲೂ ಇದ್ದ ಸಣ್ಣ ಇನ್ವರ್ಟರ್ ಸಿಕ್ಕಿತು. ದಿನಕ್ಕೆ 20 ಎಎಚ್‌ಗಿಂತ ಹೆಚ್ಚು ಅದೊಂದೇ ನುಂಗುತ್ತಿತ್ತು. ಲಂಗರು ದೀಪದ ಹಳೆಯ 10 ವಾಟಿನ ಬಲ್ಬು 0.8 ಆಂಪಿಯರ್ ಎಳೆಯುತ್ತಿದ್ದದ್ದು ಎಲ್‌ಇಡಿ ಹಾಕಿದ ಮೇಲೆ 0.2ಕ್ಕೆ ಇಳಿಯಿತು. ಫ್ರಿಜ್ಜಿನ ಕಂಪ್ರೆಸರ್ 4.2 ಆಂಪಿಯರ್ ಎಳೆಯುವುದು ಸಹಜ, ಆದರೆ ಗಂಟೆಗೆ ನಲವತ್ತು ನಿಮಿಷ ಓಡುವುದು ಸಹಜವಲ್ಲ ಎಂದು ಡಿಸ್‌ಪ್ಲೇಯ ಮುಂದೆ ಕುಳಿತಾಗಲೇ ತಿಳಿದದ್ದು. ಕಂಡೆನ್ಸರಿನ ಧೂಳು ತೆಗೆದು, ಅದರ ಹಿಂದೆ ಗಾಳಿ ಆಡಲು ಎರಡು ರಂಧ್ರ ಕೊರೆದು, ಮುಚ್ಚಳಕ್ಕೆ ಹೊಸ ರಬ್ಬರ್ ಅಂಚು ಹಾಕಿದ ಮೇಲೆ ದಿನದ ಖರ್ಚು 65 ಎಎಚ್‌ನಿಂದ 45ರ ಸುತ್ತಮುತ್ತಲಿಗೆ ಬಂತು. ಜುಲೈ ತಿಂಗಳ ಬಿಸಿಲಿನಲ್ಲಿ ನಮ್ಮ ಫಲಕಗಳು 60 ಎಎಚ್‌ವರೆಗೆ ಕೊಡುತ್ತವೆ. ಖರ್ಚು ಜಮಾಕ್ಕಿಂತ ಕೆಳಗಿಳಿದ ಆ ವಾರದಿಂದ ಬರೀ ಚಾರ್ಜಿಗಾಗಿ ಎಂಜಿನ್ ಓಡಿಸುವುದು ನಿಂತಿತು. ಬೆಳಗಿನ ಕೊಲ್ಲಿಯ ನಿಶ್ಶಬ್ದ ಮರಳಿ ಸಿಕ್ಕಿತು.

ಇತಿಹಾಸ ಎಂಬ ಪುಟವೂ ಬಹಳ ಉಪಯುಕ್ತ. ಅತಿ ಆಳದ ಬಳಕೆ ಎಷ್ಟು, ಒಟ್ಟು ಎಷ್ಟು ಎಎಚ್ ಹೊರಬಂತು, ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್ ಎಷ್ಟು ಎಂಬುದನ್ನೆಲ್ಲ ಅದು ನೆನಪಿಡುತ್ತದೆ. ಅವುಗಳಲ್ಲಿ ನಾನು ಪ್ರತಿ ವಾರ ತಪ್ಪದೆ ನೋಡುವುದು ಕೊನೆಯ ಪೂರ್ಣ ಚಾರ್ಜ್ ಆಗಿ ಎಷ್ಟು ಕಾಲವಾಯಿತು ಎಂಬ ಸಾಲನ್ನು. ಅದು ಒಂದು ವಾರ ದಾಟಿದರೆ ಮುಂದಿನ ನಿಲುಗಡೆಯನ್ನು ದಡದ ಕರೆಂಟ್ ಇರುವ ಬಂದರಿಗೇ ಇಟ್ಟುಕೊಳ್ಳುತ್ತೇವೆ. ಉಳಿದಿರುವ ಸಮಯ ಎಂದು ತೋರಿಸುವ ಸಂಖ್ಯೆಗೆ ಮಾತ್ರ ನಾನು ಬೆಲೆ ಕೊಡುವುದಿಲ್ಲ; ಫ್ರಿಜ್ಜು ಶುರುವಾದಾಗ 20 ಗಂಟೆ, ನಿಂತಾಗ 100 ಗಂಟೆ ಎನ್ನುವ ಮಾಹಿತಿಯಿಂದ ಯಾವ ನಿರ್ಧಾರವನ್ನೂ ಮಾಡಲಾಗುವುದಿಲ್ಲ.

ಬ್ಲೂಟೂತ್ ಒಳಗೇ ಇರುವುದರಿಂದ ವಿಕ್ಟ್ರಾನ್‌ಕನೆಕ್ಟ್ ಆ್ಯಪಿನಲ್ಲಿ ಎಲ್ಲವನ್ನೂ ಫೋನಿನಿಂದಲೇ ನೋಡಬಹುದು, ಸೆಟ್ಟಿಂಗುಗಳನ್ನೂ ಅಲ್ಲಿಯೇ ಬದಲಿಸಬಹುದು. ನಾಲ್ಕು ಗುಂಡಿಗಳ ಡಿಸ್‌ಪ್ಲೇಯಲ್ಲಿ ಅದನ್ನು ಮಾಡುವುದು ತಾಳ್ಮೆ ಬೇಡುವ ಕೆಲಸ. ಕೊಂಡ ದಿನವೇ ಪಿನ್ ಸಂಖ್ಯೆಯನ್ನು ಬದಲಿಸಿ. ಬಂದರಿನಲ್ಲಿ ಪಕ್ಕದ ದೋಣಿಯವರ ಫೋನಿನಲ್ಲೂ ನಮ್ಮ ಸಾಧನದ ಹೆಸರು ಕಾಣಿಸುತ್ತದೆ. ಇನ್ನೊಂದು ಹೆಚ್ಚುವರಿ ಜೋಡಣೆಯಲ್ಲಿ ಎಂಜಿನ್ನಿನ ಬ್ಯಾಟರಿಯ ವೋಲ್ಟೇಜನ್ನಾಗಲಿ, ಪ್ರತ್ಯೇಕವಾಗಿ ಕೊಳ್ಳಬೇಕಾದ ಸಂವೇದಕದಿಂದ ತಾಪಮಾನವನ್ನಾಗಲಿ ನೋಡಬಹುದು. ಎರಡನ್ನೂ ಒಟ್ಟಿಗೆ ನೋಡಲಾಗುವುದಿಲ್ಲ. ನಾವು ಎಂಜಿನ್ ಬ್ಯಾಟರಿಯನ್ನು ಆರಿಸಿಕೊಂಡಿದ್ದೇವೆ.

ಇದೇ ಕಂಪನಿಯ ಸ್ಮಾರ್ಟ್‌ಶಂಟ್ ಎಂಬುದು ಡಿಸ್‌ಪ್ಲೇ ಇಲ್ಲದ, ಅಗ್ಗದ ರೂಪ. ಎಣಿಕೆ ಎರಡರಲ್ಲೂ ಒಂದೇ ಬಗೆಯದು. ಫೋನ್ ಸದಾ ಕೈಯಲ್ಲಿರುವವರಿಗೆ ಅದು ಸಾಕಾಗಬಹುದು. ಆದರೆ ರಾತ್ರಿ ಮೂರು ಗಂಟೆಗೆ ಪಹರೆಯಲ್ಲಿ ಕುಳಿತವರು ಆಟೋಪೈಲಟ್ ಎಷ್ಟು ಎಳೆಯುತ್ತಿದೆ ಎಂದು ಒಮ್ಮೆ ಕಣ್ಣು ಹಾಯಿಸಲು ಗೋಡೆಯ ಮೇಲೆ ಒಂದು ಡಿಸ್‌ಪ್ಲೇ ಇರಲೇಬೇಕು ಎಂಬುದು ನನ್ನ ಹೆಂಡತಿಯ ಗಟ್ಟಿ ಅಭಿಪ್ರಾಯ, ನಾನೂ ಅದನ್ನು ಒಪ್ಪುತ್ತೇನೆ. ಅಮೆರಿಕದ ಬಾಲ್ಮಾರ್ ಕಂಪನಿಯ ಎಸ್‌ಜಿ200 ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದನ್ನು ತಾನೇ ಕಲಿತುಕೊಳ್ಳುವಂತೆ ರೂಪಿಸಿದ್ದು. ನಾನು ಅದನ್ನು ಬಳಸಿಲ್ಲವಾದ್ದರಿಂದ ಹೆಚ್ಚೇನೂ ಹೇಳಲಾರೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಗುವವರಿಗೆ ಎಣಿಸುವ ಮಾನಿಟರ್ ಇನ್ನೂ ಅನಿವಾರ್ಯ. ಆ ಬ್ಯಾಟರಿಯ ವೋಲ್ಟೇಜ್ ಬಹುಪಾಲು ಬಳಕೆಯುದ್ದಕ್ಕೂ 13.2ರ ಸುತ್ತ ಚಪ್ಪಟೆಯಾಗಿ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುವುದರಿಂದ ವೋಲ್ಟ್‌ಮೀಟರಿಗೆ ಅಲ್ಲಿ ಕೆಲಸವೇ ಇಲ್ಲ. ಅದಕ್ಕೆ ಪೇಯ್ಕರ್ಟ್ ಘಾತಾಂಕವನ್ನು 1.05ಕ್ಕೂ ಚಾರ್ಜ್ ದಕ್ಷತೆಯನ್ನು ಶೇಕಡಾ 99ಕ್ಕೂ ಬದಲಿಸಿಕೊಂಡರೆ ಎಣಿಕೆ ಲೆಡ್-ಆಸಿಡ್ಡಿಗಿಂತ ಹೆಚ್ಚು ಕಾಲ ಸರಿಯಾಗಿ ಉಳಿಯುತ್ತದೆ.

ಚಳಿಗಾಲಕ್ಕೆ ದೋಣಿಯನ್ನು ಮೇಲೆತ್ತುವವರು ಇನ್ನೊಂದು ಸೆಟ್ಟಿಂಗನ್ನು ಗಮನಿಸಬೇಕು. ಸಾಧನಕ್ಕೆ ವಿದ್ಯುತ್ ತಪ್ಪಿ ಮರಳಿ ಬಂದಾಗ ಬ್ಯಾಟರಿ ತುಂಬಿದೆಯೆಂದೇ ಭಾವಿಸಿ 100ರಿಂದ ಆರಂಭಿಸಬೇಕೇ ಬೇಡವೇ ಎಂದು ಅದು ಕೇಳುತ್ತದೆ. ನಾವು ಬೇಡ ಎಂದು ಇಟ್ಟಿದ್ದೇವೆ. ವಸಂತದಲ್ಲಿ ತಂತಿ ಜೋಡಿಸಿದಾಗ ಶೇಕಡಾವಾರಿನ ಜಾಗದಲ್ಲಿ ಬರೀ ಗೆರೆಗಳು ಕಾಣುತ್ತವೆ. ದಡದ ಚಾರ್ಜರಿನಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಗ್ರಾವಿಟಿ 1.265ಕ್ಕೆ ಬಂದದ್ದನ್ನು ಹೈಡ್ರೋಮೀಟರಿನಲ್ಲಿ ನೋಡಿದ ಮೇಲೆಯೇ ಆ ವರ್ಷದ ಲೆಕ್ಕವನ್ನು ಶುರುಮಾಡುತ್ತೇವೆ.